ಸಾಲದ ಜಪ್ತಿ ಬಂದಾಗ ರೈತನಿಗೆ ಉಳಿಯುವ ಆಸ್ತಿ

ಎರಡು ವರ್ಷ ಒಂದೇ ಸಮನೆ ಮಳೆ ಕೈಕೊಟ್ಟರೆ, ಇಲ್ಲವೆ ಬೆಳೆ ಚೆನ್ನಾಗಿ ಬಂದೂ ಪೇಟೆಯಲ್ಲಿ ಬೆಲೆ ಕುಸಿದರೆ, ಸಾಲ ತೀರಿಸುವ ಮಾತು ಹಿಂದೆ ಬೀಳುತ್ತದೆ. ಬಡ್ಡಿ ಬೆಳೆಯುತ್ತದೆ. ಆಮೇಲೆ ವಕೀಲರ ನೋಟೀಸು, ದಾವೆ, ಡಿಕ್ರಿ, ಕೊನೆಗೆ ಮನೆ ಬಾಗಿಲಿಗೆ ಕೋರ್ಟಿನ ಅಮೀನ. ಈ ಹಂತಕ್ಕೆ ಬಂದ ರೈತರಲ್ಲಿ ಅನೇಕರು ಮನೆ, ಎತ್ತು, ಬಿತ್ತನೆ ಬೀಜ ಎಲ್ಲವೂ ಹೋಯಿತೆಂದೇ ತಿಳಿದು ಧೃತಿಗೆಡುತ್ತಾರೆ. ಇನ್ನು ಕೆಲವರು ಯಾರದೋ ಮಾತು ಕೇಳಿ ಎತ್ತುಗಳನ್ನು ರಾತ್ರೋರಾತ್ರಿ ನೆಂಟರ ಊರಿಗೆ ಹೊಡೆಯುತ್ತಾರೆ. ವಾಸದ ಮನೆಯನ್ನು ಭಾವಮೈದುನನ ಹೆಸರಿಗೆ ಬರೆದುಕೊಡುತ್ತಾರೆ.

ಈ ಎರಡಕ್ಕೂ ಕಾರಣ ಒಂದೇ. ಸಾಲಕ್ಕಾಗಿ ಏನನ್ನು ಜಪ್ತಿ ಮಾಡಬಹುದು, ಏನನ್ನು ಮಾಡಕೂಡದು ಎಂಬ ತಿಳಿವಳಿಕೆ ಇಲ್ಲದಿರುವುದು. ಮುಂದಿನ ಬೆಳೆ ತೆಗೆಯಲು ರೈತನಿಗೆ ಬೇಕಾದ ಸಾಧನಗಳನ್ನು ಅವನ ಕೈಯಲ್ಲೇ ಬಿಡಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಬಚ್ಚಿಡದೆ, ಬೇರೆಯವರ ಹೆಸರಿಗೆ ಬರೆಯದೆ, ಸರಿಯಾದ ಕಾಲಕ್ಕೆ ನ್ಯಾಯಾಲಯದ ಮುಂದೆ ಕೇಳಿಕೊಂಡರೆ ಅವು ಉಳಿಯುತ್ತವೆ. ಬಚ್ಚಿಟ್ಟರೆ ಅವೂ ಹೋಗುವ ಸಂಭವವುಂಟು. ಈ ವಿಷಯವನ್ನು ರೈತ ಬಾಂಧವರು ಸಾಲ ಮಾಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಈ ರಕ್ಷಣೆ ಬಂದ ಬಗೆ

1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಲೇವಾದೇವಿದಾರರ ವಿರುದ್ಧ ಎದ್ದರು. ಅವರ ಸಿಟ್ಟು ಮುಖ್ಯವಾಗಿ ತಿರುಗಿದ್ದು ಸಾಲಪತ್ರಗಳ ಮೇಲೆ; ಅನೇಕ ಹಳ್ಳಿಗಳಲ್ಲಿ ಪತ್ರಗಳನ್ನು ಕಿತ್ತುಕೊಂಡು ಸುಟ್ಟರು. ಇದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂದಿತು. 1905ರಲ್ಲಿ ಅದನ್ನು ಮುಂಬಯಿ ಪ್ರಾಂತ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದಾಗ ಧಾರವಾಡ, ಬೆಳಗಾವಿ, ಬಿಜಾಪುರದ ರೈತರಿಗೂ ಅದರ ಆಸರೆ ದೊರೆಯಿತು.

ಇಂದು ದೇಶಕ್ಕೆಲ್ಲ ಅನ್ವಯಿಸುವ ರಕ್ಷಣೆ ಇರುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಲ್ಲಿ. 1976ರ ತಿದ್ದುಪಡಿಯಲ್ಲಿ ಈ ಕಲಮನ್ನು ಇನ್ನಷ್ಟು ವಿಸ್ತರಿಸಲಾಯಿತು. ರೈತನ ಮನೆಗೆ ಇದ್ದ ರಕ್ಷಣೆ ಕೂಲಿಕಾರನ ಮನೆಗೂ ಮನೆಗೆಲಸದವರ ಮನೆಗೂ ದೊರೆತದ್ದು ಈ ತಿದ್ದುಪಡಿಯಿಂದ.

ಇದರ ಹಿಂದಿನ ತರ್ಕ ಸರಳವಾದುದು. ನೇಗಿಲನ್ನೂ ಬೀಜವನ್ನೂ ಮಾರಿ ಬರುವ ಹಣ ಅಲ್ಪ. ಆದರೆ ಅವು ಹೋದರೆ ರೈತನ ದುಡಿಮೆಯೇ ನಿಲ್ಲುತ್ತದೆ. ಹೀಗಾದಲ್ಲಿ ಸಾಲ ಕೊಟ್ಟವನಿಗೂ ಉಳಿದ ಹಣ ಎಂದೂ ಬಾರದು.

ಜಪ್ತಿ ಮಾಡಕೂಡದ ವಸ್ತುಗಳು

ಹಣದ ಡಿಕ್ರಿಯನ್ನು ಜಾರಿ ಮಾಡುವಾಗ ಕೆಳಗಿನ ವಸ್ತುಗಳನ್ನು ಜಪ್ತಿ ಮಾಡುವಂತಿಲ್ಲ, ಹರಾಜು ಹಾಕುವಂತಿಲ್ಲ.

1. ಸಾಲಗಾರನ, ಅವನ ಹೆಂಡತಿ ಮಕ್ಕಳ ಅವಶ್ಯವಾದ ಉಡುಪು, ಅಡಿಗೆ ಪಾತ್ರೆ, ಮಂಚ, ಹಾಸಿಗೆ ಹೊದಿಕೆ. ಧಾರ್ಮಿಕ ಪದ್ಧತಿಯಂತೆ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆ. ನಮ್ಮಲ್ಲಿ ಮಾಂಗಲ್ಯ ಇದಕ್ಕೆ ಸೇರುತ್ತದೆ. ಆದರೆ ಪೆಟ್ಟಿಗೆಯಲ್ಲಿರುವ ಸರ, ಬಳೆಗಳೆಲ್ಲ ಇದರಲ್ಲಿ ಸೇರುವುದಿಲ್ಲ.

2. ರೈತನ ವ್ಯವಸಾಯದ ಉಪಕರಣಗಳು. ರೈತನಾಗಿ ಜೀವನ ಸಾಗಿಸಲು ಅವಶ್ಯವೆಂದು ನ್ಯಾಯಾಲಯಕ್ಕೆ ತೋರುವಷ್ಟು ದನಕರು ಮತ್ತು ಬಿತ್ತನೆ ಬೀಜ. ಕಮ್ಮಾರ, ಬಡಗಿ ಮೊದಲಾದ ಕುಶಲಕರ್ಮಿಗಳ ಸಲಕರಣೆಗಳಿಗೂ ಇದೇ ರಕ್ಷಣೆಯುಂಟು.

3. ರೈತನಿಗೆ ಸೇರಿದ, ಅವನೇ ವಾಸವಿರುವ ಅಥವಾ ಬಳಸುತ್ತಿರುವ ಮನೆ ಮತ್ತು ಇತರ ಕಟ್ಟಡ, ಅದರ ನಿವೇಶನ, ಅದಕ್ಕೆ ಹೊಂದಿಕೊಂಡು ಅದರ ಉಪಯೋಗಕ್ಕೆ ಬೇಕಾದ ಜಾಗ.

4. ಕೂಲಿಕಾರರ ಕೂಲಿ ಹಣ. ಹಣವಾಗಿರಲಿ ಕಾಳಾಗಿರಲಿ, ಇದು ಜಪ್ತಿಗೆ ಸಿಗುವುದಿಲ್ಲ.

5. ಸಾಲಗಾರನ ಜೀವವಿಮೆಯಿಂದ ಬರಬೇಕಾದ ಹಣ. ಕಡ್ಡಾಯ ಭವಿಷ್ಯ ನಿಧಿ ಮತ್ತು ಸಾರ್ವಜನಿಕ ಭವಿಷ್ಯ ನಿಧಿಯ ಠೇವಣಿ.

6. ಲೆಕ್ಕದ ಪುಸ್ತಕಗಳು, ಮುಂದೆ ಬರಬಹುದಾದ ಜೀವನಾಂಶದ ಹಕ್ಕು, ಮುಂದೆಂದೋ ಪಿತ್ರಾರ್ಜಿತವಾಗಿ ಬರಬಹುದೆಂಬ ನಿರೀಕ್ಷೆ.

ಇವಲ್ಲದೆ 61ನೆಯ ಕಲಮಿನಂತೆ, ಮುಂದಿನ ಸುಗ್ಗಿಯವರೆಗೆ ಸಾಗುವಳಿಗೂ ಕುಟುಂಬದ ಊಟಕ್ಕೂ ಬೇಕಾಗುವ ಬೆಳೆಯ ಭಾಗವನ್ನು ಜಪ್ತಿಯಿಂದ ಬಿಡುವಂತೆ ರಾಜ್ಯ ಸರ್ಕಾರ ಗೆಜೆಟ್ ಮೂಲಕ ಆದೇಶ ಮಾಡಬಹುದು. ಬೆಳೆ ಜಪ್ತಿಯ ಪ್ರಸಂಗ ಬಂದಾಗ ಅಂಥ ಆದೇಶ ತಮ್ಮ ಬೆಳೆಗೆ ಅನ್ವಯಿಸುವುದೇ ಎಂದು ವಕೀಲರಲ್ಲಿ ವಿಚಾರಿಸಬೇಕು.

ಇನ್ನೊಂದು ಮಾತು ಗಮನಾರ್ಹ. ಕೆಲವು ಸಾಲಪತ್ರಗಳಲ್ಲಿ “ನನ್ನ ಮನೆ, ದನಕರುಗಳ ಮೇಲಿನ ವಿನಾಯಿತಿಯನ್ನು ನಾನು ಕೇಳುವುದಿಲ್ಲ” ಎಂಬ ಅರ್ಥದ ಸಾಲೊಂದನ್ನು ಸೇರಿಸಿರುತ್ತಾರೆ. ಇಂಥ ಕರಾರು ಅಸಿಂಧುವೆಂದು 1976ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಸಹಿ ಮಾಡಿದ್ದರೂ ವಿನಾಯಿತಿ ಕೇಳುವ ಹಕ್ಕು ಹೋಗುವುದಿಲ್ಲ.

ರೈತನೆಂದರೆ ಯಾರು?

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಈ ವಿನಾಯಿತಿ ದೊರೆಯುವುದಿಲ್ಲ. ಜಮೀನನ್ನು ಸ್ವಂತವಾಗಿ ಸಾಗುವಳಿ ಮಾಡುತ್ತ, ಮುಖ್ಯವಾಗಿ ವ್ಯವಸಾಯದ ಉತ್ಪನ್ನದಿಂದಲೇ ಜೀವಿಸುವವನು ಇಲ್ಲಿ ರೈತ. ಅವನು ಜಮೀನಿನ ಒಡೆಯನಾಗಿರಬಹುದು, ಗೇಣಿದಾರನಾಗಿರಬಹುದು, ಪಾಲುದಾರನಾಗಿರಬಹುದು, ಕೃಷಿ ಕೂಲಿಕಾರನೂ ಆಗಿರಬಹುದು. ತಾನೇ ದುಡಿದರೂ, ಮನೆಯವರು ದುಡಿದರೂ, ಹಣ ಅಥವಾ ಕಾಳಿನ ಕೂಲಿಗೆ ಆಳು ಇಟ್ಟು ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ. ಆದರೆ ಆಳಿಗೆ ಬೆಳೆಯ ಪಾಲನ್ನೇ ಕೂಲಿಯಾಗಿ ಕೊಡುವಂತಿದ್ದರೆ ಅದು ಸ್ವಂತ ಸಾಗುವಳಿಯಾಗುವುದಿಲ್ಲ. ಪಟ್ಟಣದಲ್ಲಿ ಅಂಗಡಿ ನಡೆಸಿ ಜೀವಿಸುತ್ತ ಊರಿನ ಜಮೀನನ್ನು ಪಾಲಿಗೆ ಕೊಟ್ಟವನು ಈ ರಕ್ಷಣೆಯನ್ನು ಕೇಳಲಾರ.

ತಾನು ರೈತನೆಂದು ಸಾಧಿಸುವ ಹೊಣೆ ವಿನಾಯಿತಿ ಕೇಳುವವನ ಮೇಲೆಯೇ ಇರುತ್ತದೆ. ಆದುದರಿಂದ ಪಹಣಿ, ಬೆಳೆ ಮಾರಿದ ಪಟ್ಟಿಗಳು, ಗೊಬ್ಬರ ಬೀಜ ಕೊಂಡ ರಸೀದಿಗಳು, ಹಾಲಿನ ಸಂಘದ ಪುಸ್ತಕ, ಮನೆಗೆ ಪಂಚಾಯ್ತಿಗೆ ಕಂದಾಯ ಕಟ್ಟಿದ ರಸೀದಿ ಇವನ್ನು ಜೋಪಾನವಾಗಿಡಬೇಕು.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಅವನು ಪ್ರೋನೋಟಿನ ಮೇಲೆ ಮಾಡಿದ ಸಾಲಕ್ಕೆ ಎರಡು ಲಕ್ಷ ರೂಪಾಯಿನ ಡಿಕ್ರಿಯಾಗಿದೆ. ಅವನ ಬಳಿ ಇರುವುದನ್ನು ಒಂದೊಂದಾಗಿ ನೋಡೋಣ.

ಊರಿನಲ್ಲಿ ವಾಸದ ಮನೆ, ಅದಕ್ಕೆ ಸೇರಿದ ಕೊಟ್ಟಿಗೆ ಮತ್ತು ಹಿತ್ತಿಲು: ಜಪ್ತಿಯಿಲ್ಲ.

ಒಂದು ಜೊತೆ ಎತ್ತು, ನೇಗಿಲು, ಕುಂಟೆ, ಕೂರಿಗೆ, ಬಿತ್ತನೆಗೆ ಇಟ್ಟ ರಾಗಿ ಮತ್ತು ಶೇಂಗಾ ಬೀಜ: ಜಪ್ತಿಯಿಲ್ಲ. ಆದರೆ ಮಾರುವುದಕ್ಕೆಂದು ಕೂಡಿಟ್ಟ ಚೀಲಗಳು ಬಿತ್ತನೆ ಬೀಜವಾಗುವುದಿಲ್ಲ.

ಎರಡು ಹಾಲಿನ ಹಸು, ಬಾವಿಯ ಪಂಪ್‌ಸೆಟ್ಟು: ಇವು ಅವನ ವ್ಯವಸಾಯದ ಜೀವನಕ್ಕೆ ಎಷ್ಟು ಅವಶ್ಯ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಅದನ್ನು ದಾಖಲೆ ಸಹಿತ ತೋರಿಸಿಕೊಡುವುದು ಅವನ ಕೆಲಸ.

ಮೋಟಾರು ಬೈಕು, ಟೆಲಿವಿಷನ್ನು: ಇವು ಉಡುಪು, ಪಾತ್ರೆ, ಹಾಸಿಗೆಯ ಪಟ್ಟಿಗೆ ಸೇರಿದವಲ್ಲ. ಜಪ್ತಿ ಮಾಡಬಹುದು.

ತಾಲ್ಲೂಕು ಪಟ್ಟಣದಲ್ಲಿ ಬಾಡಿಗೆಗೆ ಕೊಟ್ಟ ಮನೆ: ಅವನು ಅಲ್ಲಿ ವಾಸವಿಲ್ಲ. ಜಪ್ತಿ ಮಾಡಬಹುದು.

ನಾಲ್ಕು ಎಕರೆ ಖುಷ್ಕಿ ಜಮೀನು: ಇಲ್ಲಿ ಎಚ್ಚರಿಕೆ ಬೇಕು. ಮನೆಗೆ, ಎತ್ತಿಗೆ ಇರುವ ವಿನಾಯಿತಿ ಸಾಗುವಳಿ ಜಮೀನಿಗೆ ಇಲ್ಲ. ಜಮೀನನ್ನು ಜಪ್ತಿ ಮಾಡಿ ಹರಾಜು ಹಾಕಬಹುದು. ಆದರೆ ಸಾಲ ತೀರುವಷ್ಟು ಭಾಗವನ್ನು ಮಾತ್ರ ಹರಾಜು ಹಾಕಬೇಕೆಂಬುದು ನಿಯಮ. ಒಂದು ಎಕರೆಯಿಂದ ಸಾಲ ತೀರುವಂತಿದ್ದರೆ ನಾಲ್ಕೂ ಎಕರೆ ಮಾರುವಂತಿಲ್ಲ. ಹರಾಜಿನ ಪ್ರಕಟಣೆ ತಯಾರಾಗುವಾಗಲೇ ಜಮೀನಿನ ನಿಜಬೆಲೆಯನ್ನು ತೋರಿಸಿ ಈ ಮಾತನ್ನು ಎತ್ತಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಅದರ ಪರಭಾರೆಯನ್ನು ತಡೆಯುವ ಕರ್ನಾಟಕದ 1978ರ ಕಾಯ್ದೆ ಕೋರ್ಟಿನ ಹರಾಜಿಗೂ ಅನ್ವಯಿಸುತ್ತದೆ.

ಬ್ಯಾಂಕಿನಲ್ಲಿ ಅಡವಿಟ್ಟ ಬಂಗಾರ: ಅದರ ಮೇಲೆ ಮೊದಲ ಹಕ್ಕು ಬ್ಯಾಂಕಿನದು.

ಹೆಂಡತಿಗೆ ತವರಿನಿಂದ ಬಂದ ಒಡವೆ, ಅಣ್ಣನ ಪಾಲಿನ ದನ: ಇವು ಸಾಲಗಾರನ ಆಸ್ತಿಯೇ ಅಲ್ಲ. ತಪ್ಪಾಗಿ ಜಪ್ತಿಯಾದರೆ ಹೆಂಡತಿಯಾಗಲಿ ಅಣ್ಣನಾಗಲಿ ತಮ್ಮ ಹೆಸರಿನಲ್ಲೇ ನ್ಯಾಯಾಲಯಕ್ಕೆ ತಕರಾರು ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದು.

ರಕ್ಷಣೆ ಎಲ್ಲಿ ಸಿಗುವುದಿಲ್ಲ?

ಈ ವಿನಾಯಿತಿ ಇರುವುದು ಬರಿಯ ಹಣದ ಡಿಕ್ರಿಗೆ. ತಾನಾಗಿ ಅಡಮಾನ ಮಾಡಿಕೊಟ್ಟ ಮನೆಯನ್ನು ಅಡಮಾನದ ಡಿಕ್ರಿಯಲ್ಲಿ ಮಾರುವಾಗ “ಇದು ರೈತನ ಮನೆ” ಎಂಬ ಮಾತು ನಿಲ್ಲುವುದಿಲ್ಲ. ಸಾಲಕ್ಕೆ ಹೊಣೆಯಾಗಿ ಬರೆದುಕೊಟ್ಟ ಟ್ರ್ಯಾಕ್ಟರಿಗೂ ಹೀಗೆಯೇ. ಆದುದರಿಂದ ಸಾಲದ ಕಾಗದಕ್ಕೆ ಸಹಿ ಮಾಡುವ ಮುನ್ನ ಹೊಣೆಯಾಗಿ ಏನನ್ನು ಬರೆಯುತ್ತಿದ್ದಾರೆಂದು ಓದಿಸಿ ಕೇಳಬೇಕು. ಕೈಸಾಲ ಸಿಗುವ ಕಡೆ ವಾಸದ ಮನೆಯನ್ನು ಅಡಮಾನಕ್ಕೆ ಬರೆದರೆ, ಕಾನೂನು ಪುಕ್ಕಟೆಯಾಗಿ ಕೊಟ್ಟ ರಕ್ಷಣೆಯನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಅವಕಾಶವಿರುವ 2002ರ ಸರ್ಫೇಸಿ ಕಾಯ್ದೆ ವ್ಯವಸಾಯದ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗೆಂದು ಜಮೀನಿನ ಸಾಲಕ್ಕೆ ವಸೂಲಿಯೇ ಇಲ್ಲವೆಂದು ತಿಳಿಯಬಾರದು. ದಾವೆ ಮತ್ತು ಇತರ ಮಾರ್ಗಗಳು ಇದ್ದೇ ಇವೆ. ಕಂದಾಯ ಬಾಕಿಯಂತೆ ವಸೂಲು ಮಾಡುವ ಸಾಲಗಳಲ್ಲಿ ಕ್ರಮ ನಡೆಯುವುದು ಕಂದಾಯ ಅಧಿಕಾರಿಗಳ ಮುಂದೆ. ಅಲ್ಲಿಯ ನಿಯಮಗಳು ಬೇರೆ. ತಕರಾರನ್ನು ಕೊಡಬೇಕಾದದ್ದೂ ಅಲ್ಲಿಯೇ.

ಜಪ್ತಿಗೆ ಬರುವವರು ಯಾರು, ಹೇಗೆ?

ಸಾಲ ಕೊಟ್ಟವನಾಗಲಿ, ಅವನ ಕಡೆಯ ಆಳುಗಳಾಗಲಿ ಮನೆಗೆ ನುಗ್ಗಿ ಸಾಮಾನು ಒಯ್ಯುವಂತಿಲ್ಲ. ಜಪ್ತಿ ಮಾಡುವ ಅಧಿಕಾರ ನ್ಯಾಯಾಲಯದ ವಾರಂಟು ಹಿಡಿದು ಬಂದ ಅಧಿಕಾರಿಗೆ ಮಾತ್ರ. ಅವನೂ ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ವಾಸದ ಮನೆಯನ್ನು ಪ್ರವೇಶಿಸುವಂತಿಲ್ಲ. ಸಾಲಗಾರ ತನ್ನ ಮನೆಗೆ ಬರಲು ಬಿಡದೆ ಅಡ್ಡಿಪಡಿಸಿದ ಹೊರತು ಹೊರಬಾಗಿಲನ್ನು ಮುರಿಯುವಂತಿಲ್ಲ. ಆದುದರಿಂದ ಬಾಗಿಲು ಹಾಕಿ ಜಗಳಕ್ಕೆ ನಿಲ್ಲಬಾರದು. ವಾರಂಟು ತೋರಿಸಲು ಕೇಳಬೇಕು. ಜಪ್ತಿ ಮಾಡಿದ ವಸ್ತುಗಳ ಪಟ್ಟಿಯ ನಕಲು ಪಡೆಯಬೇಕು. ವಿನಾಯಿತಿಯ ವಸ್ತುಗಳನ್ನು ಮುಟ್ಟಿದ್ದರೆ ಪಟ್ಟಿಯಲ್ಲೇ ಆಕ್ಷೇಪಣೆ ಬರೆಸಲು ಹೇಳಬೇಕು. ದನಕರು, ಕೃಷಿ ಉಪಕರಣಗಳನ್ನು ಸಾಗಿಸುವುದು ಕಷ್ಟವಾದಲ್ಲಿ ಊರಿನ ಗೌರವಸ್ಥರೊಬ್ಬರ ವಶಕ್ಕೆ ಕೊಟ್ಟು ಹೋಗುವ ಅವಕಾಶವೂ ಉಂಟು.

ಡಿಕ್ರಿಯಾಗುವ ಮೊದಲೇ ಜಪ್ತಿ ಮಾಡಿಸಲು ಕೆಲವು ಸಂದರ್ಭಗಳಲ್ಲಿ ಅವಕಾಶವಿದೆ. ಮುಖ್ಯವಾಗಿ, ವಸೂಲಿ ತಪ್ಪಿಸುವ ಉದ್ದೇಶದಿಂದ ಪ್ರತಿವಾದಿ ಆಸ್ತಿಯನ್ನು ಪರಭಾರೆ ಮಾಡಲಿದ್ದಾನೆಂದು ನ್ಯಾಯಾಲಯಕ್ಕೆ ಕಂಡುಬಂದಾಗ. ಆದರೆ ರೈತನ ವಶದಲ್ಲಿರುವ ಕೃಷಿ ಉತ್ಪನ್ನವನ್ನು ಡಿಕ್ರಿಗೆ ಮೊದಲು ಜಪ್ತಿ ಮಾಡುವಂತಿಲ್ಲ.

ಕಿರುಸಾಲ ಕೊಡುವವರು ಮನೆ ಮುಂದೆ ಕುಳಿತು ಬೆದರಿಸುವುದು, ಅವಮಾನ ಮಾಡುವುದು ಹೆಚ್ಚಾದಾಗ ಕರ್ನಾಟಕ ಸರ್ಕಾರ 2025ರಲ್ಲಿ ಬಲವಂತದ ವಸೂಲಿಯ ವಿರುದ್ಧ ಕಾನೂನು ತಂದಿತು. ಅದರಲ್ಲಿ ಹತ್ತು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿನವರೆಗೆ ದಂಡ ವಿಧಿಸಲು ಅವಕಾಶವುಂಟು. ಇಂಥ ಕಿರುಕುಳವಾದರೆ ಪೊಲೀಸ್ ಠಾಣೆಗೆ ದೂರು ಕೊಡಲು ಹಿಂಜರಿಯಬಾರದು.

ಸಾಲಕ್ಕೆ ಜೈಲು ಉಂಟೆ?

ಸಾಲ ತೀರಿಸಲಾಗದಿರುವುದು ಅಪರಾಧವಲ್ಲ. ಡಿಕ್ರಿ ಹಣಕ್ಕಾಗಿ ಸಿವಿಲ್ ಸೆರೆಗೆ ಕಳಿಸಬೇಕಾದರೆ ಮೊದಲು ಸಾಲಗಾರನ ಮಾತನ್ನು ಕೇಳಬೇಕು. ಅವನು ಓಡಿಹೋಗುವ ಸಂಭವವಿದೆ, ದಾವೆಯ ನಂತರ ಆಸ್ತಿಯನ್ನು ಅಪ್ರಾಮಾಣಿಕವಾಗಿ ಸಾಗಿಸಿದ್ದಾನೆ, ಇಲ್ಲವೆ ಕೊಡುವ ಶಕ್ತಿ ಇದ್ದೂ ಕೊಡುತ್ತಿಲ್ಲ ಎಂಬಂಥ ಕಾರಣವನ್ನು ನ್ಯಾಯಾಲಯ ಬರೆದಿಡಬೇಕು. ಶಕ್ತಿಯ ಲೆಕ್ಕ ಹಾಕುವಾಗ ವಿನಾಯಿತಿಯ ಮನೆ, ಎತ್ತು, ಬೀಜಗಳನ್ನು ಸೇರಿಸುವಂತಿಲ್ಲ. ಕೇವಲ ಬಡತನದಿಂದ ಕೊಡಲಾಗದವನನ್ನು ಸೆರೆಗೆ ಕಳಿಸಕೂಡದೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನಲ್ಲಿ ಸಾರಿತು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ.

ಸಾಲಗಾರ ತೀರಿಕೊಂಡರೆ, ವಾರಸುದಾರರು ಹೊಣೆಯಾಗುವುದು ಅವನಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಹಿಂದೂ ಕುಟುಂಬಗಳಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಒಂದೇ ಆಧಾರದ ಮೇಲೆ ಮಗನ ವಿರುದ್ಧ ವಸೂಲಿಗೆ ಹೋಗುವುದನ್ನು, 2005ರ ಸೆಪ್ಟೆಂಬರ್ 9ರ ನಂತರದ ಸಾಲಗಳ ಮಟ್ಟಿಗೆ, ಕಾನೂನು ತೆಗೆದುಹಾಕಿದೆ. ಸಾಲವೆಂಬುದು ಹಣದ ಲೆಕ್ಕ; ಪ್ರಾಣದ ಲೆಕ್ಕವಲ್ಲ. ಯಾವ ಡಿಕ್ರಿಗೂ ಮನೆಯ ಯಜಮಾನನ ಜೀವಕ್ಕಿಂತ ಹೆಚ್ಚಿನ ಬೆಲೆ ಇಲ್ಲವೆಂಬುದನ್ನು ಮನೆಯವರೂ ನೆರೆಯವರೂ ಸಂಕಟದಲ್ಲಿರುವವರಿಗೆ ತಿಳಿಯಹೇಳಬೇಕು.

ದಿವಾಳಿ ಅರ್ಜಿ

ಸಾಲಗಾರರು ಹಲವರಿದ್ದು, ಇರುವ ಆಸ್ತಿಯಿಂದ ಎಲ್ಲರ ಸಾಲ ತೀರುವಂತಿಲ್ಲದಿದ್ದರೆ ಉಳಿದಿರುವ ದಾರಿ ದಿವಾಳಿ ಅರ್ಜಿ. ಹಳ್ಳಿಗಳಲ್ಲಿ ಇದನ್ನು “ಪಾಪರ್ ಆಗುವುದು” ಎನ್ನುವುದುಂಟು. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು 2019ರ ಡಿಸೆಂಬರ್ 1ರಿಂದ ಕಂಪೆನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಗೆ ತರಲಾಗಿದೆ. ಆದುದರಿಂದ ಸಾಮಾನ್ಯ ರೈತನಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. ಅರ್ಜಿಯನ್ನು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಈ ಅಧಿಕಾರ ಪಡೆದ ಕೆಳಗಿನ ನ್ಯಾಯಾಲಯಕ್ಕೆ ಕೊಡಬೇಕು.

ಸಾಲ ತೀರಿಸಲು ಶಕ್ತಿಯಿಲ್ಲದವನು, ಸಾಲದ ಮೊತ್ತ 500 ರೂಪಾಯಿ ಮುಟ್ಟಿದ್ದರೆ, ಅಥವಾ ಡಿಕ್ರಿಗಾಗಿ ಬಂಧನದಲ್ಲಿದ್ದರೆ, ಅಥವಾ ಆಸ್ತಿ ಜಪ್ತಿಯಾಗಿದ್ದರೆ ಅರ್ಜಿ ಕೊಡಬಹುದು. ಅರ್ಜಿಯಲ್ಲಿ ಎಲ್ಲ ಸಾಲಗಳ ವಿವರ, ಸಾಲ ಕೊಟ್ಟವರ ಹೆಸರು ಮತ್ತು ಊರು, ತನ್ನ ಎಲ್ಲ ಆಸ್ತಿಯ ಪಟ್ಟಿ ಮತ್ತು ಬೆಲೆ ಇರಬೇಕು. ದಿವಾಳಿಯೆಂದು ಆದೇಶವಾದ ಮೇಲೆ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗಿ ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ. ಅಲ್ಲಿಂದ ಮುಂದೆ ಆ ಸಾಲಗಳಿಗಾಗಿ ಯಾರೂ ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವನ ಮೇಲೆ ಬೇರೆ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆಯ ಆದೇಶವನ್ನೂ ಅವನು ಕೇಳಬಹುದು.

ಇಲ್ಲಿ ಮುಖ್ಯವಾದ ಮಾತು ಇದು: ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಜಪ್ತಿ ಮಾಡಕೂಡದ ಆಸ್ತಿ ದಿವಾಳಿಯಲ್ಲೂ ರಿಸೀವರನ ಕೈಗೆ ಹೋಗುವುದಿಲ್ಲ. ವಾಸದ ಮನೆ, ಎತ್ತು, ನೇಗಿಲು, ಬೀಜ ರೈತನ ಬಳಿಯೇ ಉಳಿಯುತ್ತವೆ. ಆದರೆ ಅಡಮಾನ ಪಡೆದವರ ಹಕ್ಕಿಗೆ ದಿವಾಳಿ ಅಡ್ಡಿಯಾಗುವುದಿಲ್ಲ. ನ್ಯಾಯಾಲಯ ಬಿಡುಗಡೆಯ ಆದೇಶ ಕೊಡುವವರೆಗೆ ಹೊಸದಾಗಿ ಬಂದ ಆಸ್ತಿಯೂ ಸಾಲಕ್ಕೆ ಸೇರುತ್ತದೆ. ಬಿಡುಗಡೆಯಾದ ಮೇಲೂ ಸರ್ಕಾರಿ ಬಾಕಿ, ಮೋಸದಿಂದ ಮಾಡಿದ ಸಾಲ ಉಳಿದೇ ಇರುತ್ತವೆ. ಹೀಗಾಗಿ ಒಬ್ಬನೇ ಸಾಲ ಕೊಟ್ಟವನಿದ್ದು ಕಂತಿನಲ್ಲಿ ತೀರಿಸುವ ಹಾದಿ ಇರುವಾಗ ದಿವಾಳಿಯ ಯೋಚನೆ ಮಾಡುವುದು ಸೂಕ್ತವಲ್ಲ.

ಬಚ್ಚಿಡುವುದರಿಂದ ಆಗುವ ಹಾನಿ

ಸಾಲ ಕೊಟ್ಟವರನ್ನು ತಪ್ಪಿಸುವ ಉದ್ದೇಶದಿಂದ ಮಾಡಿದ ಕ್ರಯ ಅಥವಾ ದಾನಪತ್ರವನ್ನು ಅವರು ರದ್ದು ಮಾಡಿಸಬಹುದು. ಪತ್ರ ಮಾಡಿದ ಎರಡು ವರ್ಷದೊಳಗೆ ದಿವಾಳಿಯಾದರೆ, ಸರಿಯಾದ ಬೆಲೆ ಪಡೆಯದೆ ಕೊಟ್ಟ ಆಸ್ತಿಯನ್ನು ರಿಸೀವರನು ವಾಪಸು ಎಳೆಯಬಹುದು. ಒಬ್ಬ ಸಾಲಗಾರನಿಗೆ ಮಾತ್ರ ಅನುಕೂಲ ಮಾಡಿಕೊಡಲೆಂದು ಅರ್ಜಿಗೆ ಮೊದಲಿನ ಮೂರು ತಿಂಗಳಲ್ಲಿ ಮಾಡಿದ ಪಾವತಿಯೂ ನಿಲ್ಲುವುದಿಲ್ಲ. ಜಪ್ತಿಯಾದ ಮೇಲೆ ಮಾಡಿದ ಪರಭಾರೆ ಆ ಜಪ್ತಿಯ ಹಕ್ಕಿನೆದುರು ಅಸಿಂಧು. ದಿವಾಳಿಯಲ್ಲಿ ಆಸ್ತಿಯನ್ನೋ ಲೆಕ್ಕವನ್ನೋ ಮೋಸದಿಂದ ಮುಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ವಾಸದ ಮನೆಯನ್ನು ನೆಂಟನ ಹೆಸರಿಗೆ ಬರೆದವನು “ಇದು ನನ್ನ ಮನೆ, ನಾನು ರೈತ” ಎಂದು ವಿನಾಯಿತಿ ಕೇಳುವುದು ಹೇಗೆ? ಮನೆ ತನ್ನದಲ್ಲವೆಂದು ಅವನೇ ಪತ್ರದಲ್ಲಿ ಹೇಳಿದ್ದಾನೆ. ನೆಂಟನು ತನ್ನ ಸಾಲಕ್ಕೆ ಅದೇ ಮನೆಯನ್ನು ಅಡವಿಟ್ಟರೆ ಅದನ್ನು ಬಿಡಿಸಿಕೊಳ್ಳುವುದು ಸುಲಭವಲ್ಲ. ತಾನಾಗಿ ಉಳಿಯುತ್ತಿದ್ದ ಆಸ್ತಿ ಹೀಗೆ ಕೈಬಿಡುತ್ತದೆ. ಮೇಲಾಗಿ, ದಾವೆಯ ನಂತರ ಆಸ್ತಿ ಸಾಗಿಸಿದನೆಂಬ ಕಾರಣಕ್ಕೆ, ಬಡತನದ ಮೇಲೆ ಮುಚ್ಚಿದ್ದ ಸಿವಿಲ್ ಸೆರೆಯ ಬಾಗಿಲು ತೆರೆಯುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ನ್ಯಾಯಾಲಯದ ಸಮನ್ಸನ್ನು ತೆಗೆದುಕೊಳ್ಳದೆ ಕಳಿಸಬಾರದು. ಹಾಜರಾಗದಿದ್ದರೆ ಏಕಪಕ್ಷೀಯವಾಗಿ ಡಿಕ್ರಿಯಾಗುತ್ತದೆ. ಡಿಕ್ರಿಯನ್ನು ಹನ್ನೆರಡು ವರ್ಷದವರೆಗೆ ಜಾರಿ ಮಾಡಿಸಬಹುದು.

2. ದಾವೆ ನಡೆಯುವಾಗಲೇ ಲೆಕ್ಕ ಸರಿಯಿದೆಯೇ, ಕಟ್ಟಿದ ಹಣ ವಜಾ ಆಗಿದೆಯೇ ನೋಡಬೇಕು. ಸಾಲ ನಿಜವಾಗಿದ್ದರೆ ಡಿಕ್ರಿ ಮಾಡುವಾಗಲೇ ಸುಗ್ಗಿಯ ಕಾಲಕ್ಕೆ ಹೊಂದುವ ಕಂತುಗಳನ್ನು ಕೇಳಿಕೊಳ್ಳಬೇಕು. ಡಿಕ್ರಿಯ ನಂತರ ಕಂತು ದೊರೆಯಲು ಡಿಕ್ರಿದಾರನ ಒಪ್ಪಿಗೆ ಬೇಕಾಗುತ್ತದೆ.

3. ಜಾರಿ ಅರ್ಜಿಯ ನೋಟೀಸು ಬಂದ ಕೂಡಲೆ ವಿನಾಯಿತಿಯ ಅರ್ಜಿಯನ್ನು ಅದೇ ನ್ಯಾಯಾಲಯದಲ್ಲಿ ಕೊಡಬೇಕು. ಯಾವ ವಸ್ತು, ಯಾಕೆ ಅವಶ್ಯ ಎಂಬುದನ್ನು ಒಂದೊಂದಾಗಿ ಬರೆಯಬೇಕು. ಹರಾಜು ಮುಗಿದ ಮೇಲೆ ಕೇಳುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

4. ಜಮೀನಿನ ಹರಾಜಿಗೆ ಪ್ರಕಟಣೆಯಿಂದ ಕನಿಷ್ಠ 15 ದಿನ, ಚರಾಸ್ತಿಗೆ 7 ದಿನ ಅವಧಿ ಇರಬೇಕು. ಜಮೀನಿನ ಒಂದು ಭಾಗವನ್ನು ತಾನೇ ಮಾರಿ, ಗುತ್ತಿಗೆಗೆ ಕೊಟ್ಟು ಅಥವಾ ಅಡಮಾನ ಮಾಡಿ ಹಣ ಒದಗಿಸಬಲ್ಲೆನೆಂದು ತೋರಿಸಿದರೆ ಹರಾಜನ್ನು ಮುಂದೂಡಲು ನ್ಯಾಯಾಲಯಕ್ಕೆ ಅಧಿಕಾರವುಂಟು. ಹರಾಜಿಗಿಂತ ಖಾಸಗಿ ಮಾರಾಟದಲ್ಲಿ ಹೆಚ್ಚು ಬೆಲೆ ಬರುವುದು ಸಾಮಾನ್ಯ.

5. ಜಮೀನು ಹರಾಜಾದರೂ 60 ದಿನದೊಳಗೆ ಪ್ರಕಟಣೆಯಲ್ಲಿ ಹೇಳಿದ ಬಾಕಿಯನ್ನೂ, ಕೊಂಡವನಿಗಾಗಿ ಹರಾಜು ಬೆಲೆಯ ನೂರಕ್ಕೆ ಐದರಷ್ಟನ್ನೂ ನ್ಯಾಯಾಲಯದಲ್ಲಿ ಕಟ್ಟಿ ಜಮೀನನ್ನು ಬಿಡಿಸಿಕೊಳ್ಳಬಹುದು.

6. ಪ್ರತಿ ಪಾವತಿಗೂ ರಸೀದಿ ಪಡೆಯಬೇಕು. ಡಿಕ್ರಿಯ ನಂತರ ನ್ಯಾಯಾಲಯದ ಹೊರಗೆ ಕೊಟ್ಟ ಹಣವನ್ನು ನ್ಯಾಯಾಲಯದಲ್ಲಿ ದಾಖಲು ಮಾಡಿಸದಿದ್ದರೆ ಜಾರಿಯ ವೇಳೆ ಅದು ಲೆಕ್ಕಕ್ಕೆ ಬರುವುದಿಲ್ಲ.

7. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬರ, ನೆರೆ ಮೊದಲಾದ ವಿಪತ್ತಿಗೆ ತುತ್ತಾದವರಿಗೆ, ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಆದಾಯದವರಿಗೆ ಉಚಿತ ನೆರವು ದೊರೆಯುತ್ತದೆ.

ಬಿತ್ತನೆಗೆ ಮುನ್ನ ಬೀಜದ ಮೊಳಕೆ ಪರೀಕ್ಷೆ ಮಾಡುವಂತೆ, ಸಾಲಕ್ಕೆ ಮುನ್ನ ಸಾಲಪತ್ರವನ್ನು ಪರೀಕ್ಷಿಸುವುದು ಅವಶ್ಯ. ಮನೆಯನ್ನು ಕೊನೆಯವರೆಗೂ ಅಡಮಾನಕ್ಕೆ ಬರೆಯದಿರುವುದು, ರಸೀದಿಗಳನ್ನು ಒಂದು ಕಡೆ ಇಡುವುದು, ಮೊದಲ ನೋಟೀಸಿಗೇ ಹಾಜರಾಗುವುದು, ಇರುವುದನ್ನೆಲ್ಲ ನ್ಯಾಯಾಲಯದ ಮುಂದೆ ಇದ್ದಂತೆ ತೋರಿಸುವುದು, ಈ ನಾಲ್ಕನ್ನು ಪಾಲಿಸಿದ ರೈತನಿಗೆ ಎಂಥ ಕೆಟ್ಟ ವರ್ಷದಲ್ಲೂ ಮುಂಗಾರಿಗೆ ಹೊಲ ಹೂಡಲು ಎತ್ತು, ಬಿತ್ತಲು ಬೀಜ, ಮಲಗಲು ಸೂರು ಉಳಿಯುತ್ತವೆ.